ಮೈಕ್ರೋವೇವ್ ಹಿಡಿಯುವ ಸೆರಾಮಿಕ್ ಬಿಲ್ಲೆ

ವಿದ್ಯುತ್ತನ್ನು ಹರಿಯಗೊಡದೆ, ವಿದ್ಯುತ್ ಕ್ಷೇತ್ರಕ್ಕೆ ಮಾತ್ರ ಸ್ಪಂದಿಸುವ ವಸ್ತುವಿಗೆ ಡೈಎಲೆಕ್ಟ್ರಿಕ್ ಎನ್ನುತ್ತಾರೆ. ಲೋಹದ ಆಕ್ಸೈಡುಗಳ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು ಗಟ್ಟಿ ಮಾಡಿದ ಸೆರಾಮಿಕ್‌ಗಳಲ್ಲಿ ಹಲವು ಈ ಜಾತಿಯವು. ಅವುಗಳಲ್ಲಿ ಆಯ್ದ ಕೆಲವು ಮೈಕ್ರೋವೇವ್ ಅಲೆಗಳನ್ನು ತಮ್ಮೊಳಗೆ ಹಿಡಿದಿಟ್ಟು, ಬೇಕಾದ ಆವರ್ತನವನ್ನಷ್ಟೇ ಆರಿಸಿ ಕೊಡಬಲ್ಲವು. ಮೊಬೈಲ್ ಗೋಪುರದ ಫಿಲ್ಟರ್, ವಾಹನಗಳ ಜಿಪಿಎಸ್ ಆಂಟೆನಾ, ಸಂಪರ್ಕ ಉಪಗ್ರಹ, ಡಿಟಿಎಚ್ ಡಿಶ್ ಇವುಗಳಲ್ಲೆಲ್ಲ ಇಂಥ ಸೆರಾಮಿಕ್ ಕೆಲಸ ಮಾಡುತ್ತದೆ.

ಅಲೆಯೊಂದು ಗಾಳಿಯಿಂದ ಇಂಥ ವಸ್ತುವಿನೊಳಗೆ ಹೊಕ್ಕಾಗ ಅದರ ವೇಗ ತಗ್ಗುತ್ತದೆ. ಆವರ್ತನ ಬದಲಾಗದು, ಹಾಗಾಗಿ ತರಂಗಾಂತರ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದನ್ನು ನಿರ್ಧರಿಸುವುದು ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ. ಈ ಸ್ಥಿರಾಂಕದ ವರ್ಗಮೂಲದಿಂದ ಗಾಳಿಯಲ್ಲಿನ ತರಂಗಾಂತರವನ್ನು ಭಾಗಿಸಿದರೆ ವಸ್ತುವಿನೊಳಗಿನ ತರಂಗಾಂತರ ಸಿಗುತ್ತದೆ. ಸ್ಥಿರಾಂಕ ಹೆಚ್ಚಿರುವ ಬಿಲ್ಲೆಯೊಳಗಿನ ಅಲೆ ಅಂಚಿಗೆ ಬಂದಾಗ ಬಹುಪಾಲು ಪ್ರತಿಫಲನಗೊಂಡು ಒಳಕ್ಕೇ ಮರಳುತ್ತದೆ. ಬಿಲ್ಲೆಯ ಅಳತೆಗೆ ಸರಿಹೊಂದುವ ಆವರ್ತನದಲ್ಲಿ ಹೀಗೆ ಮರಳಿದ ಅಲೆಗಳು ಒಂದನ್ನೊಂದು ಬಲಪಡಿಸಿ ಅನುರಣನ ಉಂಟಾಗುತ್ತದೆ. ಅಲೆಯನ್ನು ಒಳಗೇ ಹಿಡಿದಿಡುವ ಲೋಹದ ಪೆಟ್ಟಿಗೆಯ ಕೆಲಸವನ್ನು ಲೋಹದ ಗೋಡೆಯಿಲ್ಲದ ಬಿಲ್ಲೆಯೂ ಮಾಡಬಲ್ಲದು ಎಂದರ್ಥ.

ಇದರಿಂದಾಗುವ ಮೊದಲ ಲಾಭ ಗಾತ್ರದಲ್ಲಿ. ಜಿಪಿಎಸ್ ಉಪಗ್ರಹಗಳು ಜನಬಳಕೆಗೆ ಕೊಡುವ ಮುಖ್ಯ ಸಂಕೇತದ ಆವರ್ತನ 1575.42 ಮೆಗಾಹರ್ಟ್ಸ್. ಗಾಳಿಯಲ್ಲಿ ಅದರ ತರಂಗಾಂತರ ಸುಮಾರು 19 ಸೆಂಟಿಮೀಟರ್. ಈ ಬಗೆಯ ಚಪ್ಪಟೆ ಆಂಟೆನಾದ ಬದಿ ಸುಮಾರು ಅರ್ಧ ತರಂಗಾಂತರದಷ್ಟು, ಅಂದರೆ ಒಂಬತ್ತೂವರೆ ಸೆಂಟಿಮೀಟರ್ ಇರಬೇಕಾಗುತ್ತದೆ. ಲೋಹದ ಹಾಳೆಯ ಕೆಳಗೆ ಸ್ಥಿರಾಂಕ 20 ಇರುವ ಸೆರಾಮಿಕ್ ಚೌಕವನ್ನಿಟ್ಟರೆ ಅದೇ ಅಳತೆ ಎರಡು ಸೆಂಟಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ವಾಹನಗಳ ಜಿಪಿಎಸ್ ಸಾಧನ ಅಂಗೈಯಗಲಕ್ಕಿಂತ ಚಿಕ್ಕದಾಗಲು ಇದೂ ಒಂದು ಕಾರಣ.

ಎರಡನೆಯ ಗುಣಕ್ಕೆ ಕ್ಯೂ ಅಂಶ ಎಂದು ಹೆಸರು. ಅಲೆಯ ಶಕ್ತಿ ಬಿಲ್ಲೆಯಲ್ಲಿ ಶಾಖವಾಗಿ ಎಷ್ಟು ಕಡಿಮೆ ಸೋರುತ್ತದೋ ಕ್ಯೂ ಅಷ್ಟು ಹೆಚ್ಚು, ಆವರ್ತನದ ಆಯ್ಕೆಯೂ ಅಷ್ಟು ನಿಖರ. 5 ಗಿಗಾಹರ್ಟ್ಸ್‌ನಲ್ಲಿ ಅನುರಣಿಸುವ ಬಿಲ್ಲೆಯ ಕ್ಯೂ 10,000 ಇದ್ದರೆ, ಅದು ಸ್ಪಂದಿಸುವ ಪಟ್ಟಿಯ ಅಗಲ ಅರ್ಧ ಮೆಗಾಹರ್ಟ್ಸ್ ಮಾತ್ರ. ಅಕ್ಕಪಕ್ಕದ ತರಂಗಗುಚ್ಛಗಳಲ್ಲಿ ಬೇರೆ ಬೇರೆ ಕಂಪನಿಗಳ ಸಂಕೇತಗಳು ಓಡಾಡುವ ಮೊಬೈಲ್ ಜಾಲದಲ್ಲಿ ಒಂದರ ಸದ್ದು ಇನ್ನೊಂದಕ್ಕೆ ನುಗ್ಗದಂತೆ ತಡೆಯಲು ಹೆಚ್ಚಿನ ಕ್ಯೂ ಬೇಕೇ ಬೇಕು. ಆವರ್ತನ ಏರಿದಂತೆ ಕ್ಯೂ ಇಳಿಯುತ್ತದೆ. ಆದ್ದರಿಂದ ವಸ್ತುಗಳನ್ನು ಹೋಲಿಸಲು ಕ್ಯೂ ಮತ್ತು ಆವರ್ತನಗಳ ಗುಣಲಬ್ಧವನ್ನು ಬಳಸುತ್ತಾರೆ.

ಮೂರನೆಯದು ಉಷ್ಣಸ್ಥಿರತೆ. ಬಿಸಿಯಾದರೆ ಬಿಲ್ಲೆ ಹಿಗ್ಗುತ್ತದೆ, ಅದರ ಸ್ಥಿರಾಂಕವೂ ಬದಲಾಗುತ್ತದೆ. ಎರಡೂ ಸೇರಿ ಅನುರಣನದ ಆವರ್ತನವನ್ನು ಸರಿಸುತ್ತವೆ. ಇದು ಎಷ್ಟು ದೊಡ್ಡ ತೊಡಕು ಎಂಬುದನ್ನು ಡಿಟಿಎಚ್ ಡಿಶ್‌ನ ಎದುರಿಗೆ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಡಬ್ಬಿ ತೋರಿಸಿಕೊಡುತ್ತದೆ. ಉಪಗ್ರಹದಿಂದ ಬರುವ 11–12 ಗಿಗಾಹರ್ಟ್ಸ್ ಸಂಕೇತವನ್ನು ಕೇಬಲ್‌ನಲ್ಲಿ ಸಾಗಬಲ್ಲ ಕೆಳ ಆವರ್ತನಕ್ಕೆ ಇಳಿಸುವುದು ಇದರ ಕೆಲಸ. ಅದಕ್ಕಾಗಿ ಡಬ್ಬಿಯೊಳಗೇ 9.75 ಅಥವಾ 10.6 ಗಿಗಾಹರ್ಟ್ಸ್‌ನ ಆಂದೋಲನವನ್ನು ಸೃಷ್ಟಿಸಬೇಕು. ಹಳೆಯ ಮಾದರಿಯ ಎಲ್‌ಎನ್‌ಬಿಗಳನ್ನು ಬಿಚ್ಚಿದರೆ ಸರ್ಕಿಟ್ ಬೋರ್ಡಿನ ಮೇಲೆ ಅಂಟಿಸಿದ ಪುಟ್ಟ ಸೆರಾಮಿಕ್ ಬಿಲ್ಲೆಗಳು ಕಾಣುತ್ತವೆ. ಅವಕ್ಕೆ ಯಾವ ತಂತಿಯನ್ನೂ ಬೆಸೆದಿರುವುದಿಲ್ಲ. ಬಿಲ್ಲೆಯ ಅಂಚಿನಿಂದ ಆಚೆ ತುಸು ಚಾಚಿಕೊಂಡಿರುವ ಕ್ಷೇತ್ರವೇ ಪಕ್ಕದ ತಾಮ್ರದ ಗೆರೆಯೊಡನೆ ಅದನ್ನು ಬೆಸೆಯುತ್ತದೆ. ಮೇಲಿನ ಮುಚ್ಚಳದಲ್ಲಿ ಬಿಲ್ಲೆಯ ನೇರಕ್ಕೆ ಒಂದೊಂದು ತಿರುಪು ಇರುತ್ತದೆ. ಅದನ್ನು ತಿರುಗಿಸಿ ಬಿಲ್ಲೆಗೆ ಹತ್ತಿರ ತಂದರೆ ಆವರ್ತನ ಸ್ವಲ್ಪ ಏರುತ್ತದೆ.

ಮುಂಜಾನೆಯ ತಂಪಿಗೂ ಮಧ್ಯಾಹ್ನ ಬಿಸಿಲಿಗೆ ಕಾದ ಡಬ್ಬಿಯ ಬಿಸಿಗೂ 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಬಹುದು. ಬಿಲ್ಲೆಯನ್ನು ಬರೀ ಟೈಟಾನಿಯಂ ಡಯಾಕ್ಸೈಡ್‌ನಿಂದ ಮಾಡಿದ್ದರೆ, ಪ್ರತಿ ಡಿಗ್ರಿಗೂ ಆವರ್ತನ ದಶಲಕ್ಷದಲ್ಲಿ ಸುಮಾರು 450 ಭಾಗ ಸರಿಯುತ್ತದೆ. 10 ಗಿಗಾಹರ್ಟ್ಸ್‌ನಲ್ಲಿ 40 ಡಿಗ್ರಿಗೆ ಇದು 180 ಮೆಗಾಹರ್ಟ್ಸ್ ಆಯಿತು. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್‌ನ (ಸಂಕೇತ ಮರುಪ್ರಸಾರಕದ) ಪಟ್ಟಿಯ ಅಗಲ ಸಾಮಾನ್ಯವಾಗಿ 36 ಮೆಗಾಹರ್ಟ್ಸ್‌ನಷ್ಟು. ಬೆಳಗ್ಗೆ ಹಿಡಿದ ವಾಹಿನಿ ಮಧ್ಯಾಹ್ನದೊಳಗೆ ಕೈತಪ್ಪಿ ಎಷ್ಟೋ ದೂರ ಹೋಗಿರುತ್ತದೆ. ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ ಎರಡೇ ಭಾಗ ಸರಿಯುವ ಸೆರಾಮಿಕ್ ಆದರೆ ಒಟ್ಟು ವ್ಯತ್ಯಾಸ ಒಂದು ಮೆಗಾಹರ್ಟ್ಸ್‌ಗಿಂತ ಕಡಿಮೆ. ಸೆಟ್‌ಟಾಪ್ ಬಾಕ್ಸ್ ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಸ್ಥಿರಾಂಕ ಹೆಚ್ಚು, ಸೋರಿಕೆ ಕಡಿಮೆ, ಉಷ್ಣಕ್ಕೆ ಅಲುಗದ ಆವರ್ತನ: ಈ ಮೂರೂ ಒಂದೇ ವಸ್ತುವಿನಲ್ಲಿ ಸಿಗುವುದು ಅಪರೂಪ. ಸ್ಥಿರಾಂಕ ಏರಿದಂತೆ ಸಾಮಾನ್ಯವಾಗಿ ಕ್ಯೂ ಇಳಿಯುತ್ತದೆ, ಉಷ್ಣದೊಂದಿಗಿನ ಏರಿಳಿತ ಹೆಚ್ಚುತ್ತದೆ. ಕೆಪಾಸಿಟರ್‌ಗಳಲ್ಲಿ ಹೇರಳವಾಗಿ ಬಳಸುವ ಬೇರಿಯಂ ಟೈಟನೇಟ್‌ನ ಸ್ಥಿರಾಂಕ ಸಾವಿರವನ್ನೂ ಮೀರುತ್ತದೆ. ಆದರೆ ಅದರ ಸೋರಿಕೆ ಹೆಚ್ಚು, ಉಷ್ಣ ಬದಲಾದರೆ ಗುಣವೂ ಬದಲಾಗುತ್ತದೆ. ಹಾಗಾಗಿ ಮೈಕ್ರೋವೇವ್ ಅನುರಣಕಕ್ಕೆ ಅದು ಒದಗುವುದಿಲ್ಲ.

ಎದುರು ದಿಕ್ಕಿಗೆ ಎಳೆಯುವ ಎರಡು ವಸ್ತುಗಳನ್ನು ಬೆರೆಸುವುದು ಇದಕ್ಕೆ ಕಂಡುಕೊಂಡ ಪರಿಹಾರ. ಮೆಗ್ನೀಷಿಯಂ ಟೈಟನೇಟ್‌ನ ಸ್ಥಿರಾಂಕ 17, ಸೋರಿಕೆ ತೀರಾ ಕಡಿಮೆ. ಬಿಸಿಯೇರಿದಂತೆ ಅದರ ಆವರ್ತನ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 50 ಭಾಗ ಇಳಿಯುತ್ತದೆ. ಕ್ಯಾಲ್ಸಿಯಂ ಟೈಟನೇಟ್‌ನ ಸ್ಥಿರಾಂಕ 170, ಆವರ್ತನ ಡಿಗ್ರಿಗೆ ಸುಮಾರು 800 ಭಾಗ ಏರುತ್ತದೆ. ಮೊದಲನೆಯದು 95 ಪಾಲು, ಎರಡನೆಯದು 5 ಪಾಲು ಸೇರಿಸಿದರೆ ಏರಿಕೆ ಇಳಿಕೆಗಳು ಬಹುತೇಕ ಸರಿದೂಗಿ, ಸ್ಥಿರಾಂಕ 20ರ ಹತ್ತಿರ ನಿಲ್ಲುತ್ತದೆ. ಅಗ್ಗದ ಕಚ್ಚಾವಸ್ತುಗಳಿಂದ ತಯಾರಾಗುವ ಈ ಮಿಶ್ರಣ ಇಂದಿಗೂ ಉದ್ಯಮದ ಮೆಚ್ಚಿನದು.

ಲೋಹವಿಲ್ಲದ ಡೈಎಲೆಕ್ಟ್ರಿಕ್ ತುಂಡು ಅನುರಣಕವಾಗಬಲ್ಲದು ಎಂದು 1939ರಲ್ಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಕ್ಟ್‌ಮೈಯರ್ ಗಣಿತದಿಂದ ತೋರಿಸಿದ್ದರು. ತಕ್ಕ ವಸ್ತು ಸಿಗದೆ ಆ ವಿಚಾರ ಎರಡು ದಶಕ ಕಾಗದದಲ್ಲೇ ಉಳಿಯಿತು. 1962ರಲ್ಲಿ ಒಕಾಯಾ ಮತ್ತು ಬರಾಷ್ ಟೈಟಾನಿಯಂ ಡಯಾಕ್ಸೈಡ್ ಹರಳಿನಲ್ಲಿ ಅನುರಣನವನ್ನು ಅಳೆದರು. 1968ರಲ್ಲಿ ಸೀಮೋರ್ ಕೋನ್ ಅದೇ ವಸ್ತುವಿನ ಬಿಲ್ಲೆಗಳಿಂದ ಫಿಲ್ಟರ್ ಕಟ್ಟುವ ಬಗೆಯನ್ನು ವಿವರಿಸಿದರು. ಉಷ್ಣದ ತೊಂದರೆ ಮಾತ್ರ ಹಾಗೇ ಉಳಿಯಿತು. 1970ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಬೇರಿಯಂ ಮತ್ತು ಟೈಟಾನಿಯಂಗಳ ಹೊಸ ಸಂಯುಕ್ತವೊಂದನ್ನು ರೂಪಿಸಿತು. ಅದರ ಸ್ಥಿರಾಂಕ ಸುಮಾರು 40, ಆವರ್ತನವಂತೂ ಬಹುತೇಕ ಅಲುಗದು. ಜಪಾನಿನ ಮುರಾಟಾ ಕಂಪನಿ ಜಿರ್ಕೋನಿಯಂ-ತವರ-ಟೈಟಾನಿಯಂ ಸೆರಾಮಿಕ್‌ಗಳನ್ನು ಮಾರುಕಟ್ಟೆಗೆ ತಂದಿತು. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲೇ ರೂಪುಗೊಂಡ ಬೇರಿಯಂ-ಮೆಗ್ನೀಷಿಯಂ-ಟ್ಯಾಂಟಲಮ್ ಮತ್ತು ಬೇರಿಯಂ-ಸತು-ಟ್ಯಾಂಟಲಮ್ ಸೆರಾಮಿಕ್‌ಗಳು ಕ್ಯೂ ಅಂಶದಲ್ಲಿ ಹಿಂದಿನವನ್ನು ಬಹಳ ಹಿಂದೆ ಹಾಕಿದವು.

ಇವುಗಳ ತಯಾರಿಯಲ್ಲಿ ಬೆಂಕಿಯ ಪಾತ್ರ ದೊಡ್ಡದು. ತೂಗಿದ ಆಕ್ಸೈಡ್ ಮತ್ತು ಕಾರ್ಬೊನೇಟ್ ಪುಡಿಗಳನ್ನು ಬಾಲ್ ಮಿಲ್‌ನಲ್ಲಿ ಗಂಟೆಗಟ್ಟಲೆ ಅರೆದು, ಒಣಗಿಸಿ, ಒಮ್ಮೆ ಕಾಯಿಸಿ ಸಂಯುಕ್ತವಾಗಿಸುತ್ತಾರೆ. ಅದನ್ನು ಮತ್ತೆ ಅರೆದು, ಅಂಟು ಸೇರಿಸಿ, ಅಚ್ಚಿನಲ್ಲಿ ಒತ್ತಿ, 1300ರಿಂದ 1600 ಡಿಗ್ರಿವರೆಗೆ ಸುಡುತ್ತಾರೆ. ಪುಡಿಯ ಕಣಗಳ ನಡುವಿನ ತೆರವು ಮುಚ್ಚಿ ಬಿಲ್ಲೆ ಕುಗ್ಗುವುದರಿಂದ ಅಚ್ಚನ್ನು ಆ ಲೆಕ್ಕದಲ್ಲೇ ದೊಡ್ಡದಾಗಿ ಮಾಡಿರುತ್ತಾರೆ. ಒಳಗೆ ಉಳಿದ ರಂಧ್ರಗಳು ಸ್ಥಿರಾಂಕ, ಕ್ಯೂ ಎರಡನ್ನೂ ತಗ್ಗಿಸುತ್ತವೆ. ಹೆಚ್ಚು ಕಾಯಿಸಿದರೆ ಸತು ಆವಿಯಾಗಿ ಮಿಶ್ರಣದ ಲೆಕ್ಕ ತಪ್ಪುತ್ತದೆ; ಅದನ್ನು ತಡೆಯಲು ಬಿಲ್ಲೆಯನ್ನು ಅದೇ ಮಿಶ್ರಣದ ಪುಡಿಯೊಳಗೆ ಹೂತು ಸುಡುವುದುಂಟು. ಟೈಟಾನಿಯಂ ಇರುವ ಬಿಲ್ಲೆಗೆ ಆಕ್ಸಿಜನ್ ಸಾಲದಾದರೆ ಒಳಭಾಗ ಕಪ್ಪಾಗಿ ಸೋರಿಕೆ ಹೆಚ್ಚುತ್ತದೆ. ಟ್ಯಾಂಟಲಮ್ ಸೆರಾಮಿಕ್‌ಗಳನ್ನು ದೀರ್ಘಕಾಲ ಬಿಸಿಯಲ್ಲಿಟ್ಟರೆ ಸತು ಮತ್ತು ಟ್ಯಾಂಟಲಮ್ ಅಯಾನುಗಳು ಹರಳಿನಲ್ಲಿ ಪದರ ಪದರವಾಗಿ ಕ್ರಮಗೊಂಡು ಕ್ಯೂ ಏರುತ್ತದೆ.

ಒಂದೇ ತುಂಡಿನಲ್ಲಿ ಸರ್ಕಿಟ್ಟನ್ನೂ ಅಡಗಿಸಬೇಕಾದಾಗ ತೆಳು ಸೆರಾಮಿಕ್ ಹಾಳೆಗಳ ಮೇಲೆ ಬೆಳ್ಳಿಯ ಗೆರೆಗಳನ್ನು ಮುದ್ರಿಸಿ, ಹಾಳೆಗಳನ್ನು ಜೋಡಿಸಿ, ಒಟ್ಟಿಗೇ ಸುಡುತ್ತಾರೆ. ಬೆಳ್ಳಿ 961 ಡಿಗ್ರಿಗೆ ಕರಗುವುದರಿಂದ ಸೆರಾಮಿಕ್ ಅದಕ್ಕಿಂತ ಕೆಳಗೇ ಗಟ್ಟಿಯಾಗಬೇಕು. ಅದಕ್ಕಾಗಿ ಗಾಜನ್ನು ಬೆರೆಸುತ್ತಾರೆ. ಗಾಜು ಹೆಚ್ಚಾದಷ್ಟೂ ಕ್ಯೂ ಕುಸಿಯುತ್ತದೆ. 5ಜಿ ಗೋಪುರಗಳಲ್ಲಿ ಸಮಸ್ಯೆ ಬೇರೆ. ಅಲ್ಲಿ ಒಂದೇ ಫಲಕದಲ್ಲಿ 64 ರೇಡಿಯೋ ಮಾರ್ಗಗಳಿರಬಹುದು, ಪ್ರತಿಯೊಂದಕ್ಕೂ ಫಿಲ್ಟರ್ ಬೇಕು. ಲೋಹದ ಪೆಟ್ಟಿಗೆಗಳ ಬದಲು ಹೊರಮೈಗೆ ಬೆಳ್ಳಿ ಲೇಪಿಸಿದ ಸೆರಾಮಿಕ್ ತುಂಡುಗಳನ್ನು ಬಳಸಿದರೆ ಫಲಕದ ಗಾತ್ರವೂ ತೂಕವೂ ಇಳಿಯುತ್ತವೆ. 3.5 ಗಿಗಾಹರ್ಟ್ಸ್ ಅಲೆಯ ತರಂಗಾಂತರ ಗಾಳಿಯಲ್ಲಿ ಎಂಟೂವರೆ ಸೆಂಟಿಮೀಟರ್. ಸ್ಥಿರಾಂಕ 20ರ ತುಂಡಿನಲ್ಲಿ ಎರಡು ಸೆಂಟಿಮೀಟರ್‌ಗಿಂತ ಕಡಿಮೆ.

ಆವರ್ತನ 26 ಗಿಗಾಹರ್ಟ್ಸ್ ಅಥವಾ ಅದಕ್ಕೂ ಮೇಲೆ ಹೋದಾಗ ಬೇಡಿಕೆ ತಿರುಗುಮುರುಗಾಗುತ್ತದೆ. ಗಾಳಿಯಲ್ಲೇ ಅಲೆ ಸೆಂಟಿಮೀಟರ್ ಆಸುಪಾಸಿನದಾಗಿರುವುದರಿಂದ ಅದನ್ನು ಇನ್ನೂ ಕುಗ್ಗಿಸಿದರೆ ಬಿಡಿಭಾಗಗಳನ್ನು ನಿಖರವಾಗಿ ಮಾಡುವುದೇ ಕಷ್ಟ. ಮೇಲಾಗಿ ಸ್ಥಿರಾಂಕ ಹೆಚ್ಚಾದಷ್ಟೂ ಸಂಕೇತ ತಡವಾಗುತ್ತದೆ. ಇಲ್ಲಿ ಬೇಕಾದುದು ಅಲ್ಯುಮಿನಾ, ಸಿಲಿಕೇಟ್‌ಗಳಂಥ ಕಡಿಮೆ ಸ್ಥಿರಾಂಕದ, ಅತಿ ಕಡಿಮೆ ಸೋರಿಕೆಯ ಸೆರಾಮಿಕ್. ಭಾರತದಲ್ಲಿ ತಿರುವನಂತಪುರದ ಸಿಎಸ್‌ಐಆರ್ ಸಂಸ್ಥೆ ಎನ್‌ಐಐಎಸ್‌ಟಿ ಈ ವಸ್ತುಗಳ ಸಂಶೋಧನೆಗೆ ಹೆಸರಾಗಿದೆ, ಅಲ್ಲಿನ ಎಂ. ಟಿ. ಸೆಬಾಸ್ಟಿಯನ್ 2008ರಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದ ಆಕರಗಳಲ್ಲೊಂದು. ಸುಡುವ ಖರ್ಚನ್ನು ಇಳಿಸುವ ಪ್ರಯತ್ನವೂ ನಡೆದಿದೆ. ಲಿಥಿಯಂ ಮಾಲಿಬ್ಡೇಟ್ ಪುಡಿಯನ್ನು ನೀರಿನಿಂದ ತೇವ ಮಾಡಿ ಒತ್ತಿದರೆ ಕೋಣೆಯ ಉಷ್ಣತೆಯಲ್ಲೇ ಗಟ್ಟಿ ಸೆರಾಮಿಕ್ ಆಗುತ್ತದೆ ಎಂದು ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದರು. ಕುಲುಮೆ ಬೇಡವಾದರೆ ಬೆಳ್ಳಿ ಕರಗುವ ಆತಂಕ ಇರದು. ಪ್ಲಾಸ್ಟಿಕ್ ಹಾಳೆಯ ಜೊತೆಗೂ ಸೆರಾಮಿಕ್ಕನ್ನು ಜೋಡಿಸಬಹುದು.