ಬೇಸಗೆಯೂ ಮನೆಯ ಹಿರಿಯರೂ

ವೈಶಾಖ ಮಾಸವು ಕಾಲಿಡುವ ಹೊತ್ತಿಗೆ ನಮ್ಮ ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಹಗಲಿನ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು ವಾಡಿಕೆ. ತರುಣರು ಬಿಸಿಲನ್ನು ಶಪಿಸುತ್ತ ನೀರು ಕುಡಿಯುವರು. ವೃದ್ಧರು ಸುಮ್ಮನೆ ಕುಳಿತಿರುವರು, ಅಪಾಯವಿರುವುದು ಅಲ್ಲಿಯೇ.

ಕೆಲವು ವರ್ಷಗಳ ಹಿಂದಿನ ಮಾತು. ವೈಶಾಖದ ಒಂದು ಏಕಾದಶಿಯಂದು, ಎಂಬತ್ತನಾಲ್ಕು ವರ್ಷ ವಯಸ್ಸಿನ ನನ್ನ ತಾಯಿಯವರು ಉಪವಾಸವಿದ್ದರು. “ಅಮ್ಮಾ, ನೀರು ತರಲೇ?” ಎಂದು ನಾನು ಮೂರು ನಾಲ್ಕು ಬಾರಿ ಕೇಳಿದೆನು. “ಬೇಡಪ್ಪಾ, ನೀರಡಿಕೆಯಿಲ್ಲ” ಎಂಬುದೇ ಉತ್ತರ. ಮಧ್ಯಾಹ್ನ ಮೂರರ ಸುಮಾರಿಗೆ ಅವರು ನನ್ನನ್ನು, ಎಂದೋ ತೀರಿಹೋದ ತಮ್ಮ ಅಣ್ಣನ ಹೆಸರಿನಿಂದ ಕರೆದರು. ಮುಪ್ಪಿನ ಮರೆವೆಂದು ನಾನು ನಕ್ಕು ಸುಮ್ಮನಾದೆನು. ಅವರು ಎದ್ದು ನಿಲ್ಲಲಾರದೆ ಕುಸಿದ ಮೇಲೆಯೇ ನನಗೆ ವೈದ್ಯರ ನೆನಪಾದದ್ದು. ದೇಹದ ನೀರು ಬತ್ತಿದ್ದಿತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದರು. ಅವರು ಸುಳ್ಳಾಡಿರಲಿಲ್ಲ, ನಿಜವಾಗಿಯೂ ಅವರಿಗೆ ನೀರಡಿಕೆಯಾಗಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದು. ಬೆವರು ಕಡಿಮೆಯಾಗುವುದರಿಂದ ಮೈ ತಾನಾಗಿ ತಣಿಯಲಾರದು. ಮೂತ್ರಪಿಂಡಗಳಿಗೆ ನೀರನ್ನು ಹಿಡಿದಿಡುವ ಶಕ್ತಿಯೂ ತಗ್ಗುವುದು. ಇದರ ಮೇಲೆ, ರಕ್ತದೊತ್ತಡಕ್ಕಾಗಿ ಸೇವಿಸುವ ಕೆಲವು ಗುಳಿಗೆಗಳು ಮೂತ್ರವನ್ನು ಹೆಚ್ಚಿಸತಕ್ಕವು. ಅವನ್ನು ತಾವಾಗಿ ನಿಲ್ಲಿಸಲಾಗದು. ಬೇಸಗೆಯ ಆರಂಭದಲ್ಲಿಯೇ ವೈದ್ಯರನ್ನು ವಿಚಾರಿಸತಕ್ಕದ್ದು.

ಆದಕಾರಣ ಕೇಳುವುದನ್ನು ಬಿಟ್ಟು ಕೈಗೆ ಕೊಡಬೇಕು. ಗಂಟೆಗೊಮ್ಮೆ ಅರ್ಧ ಲೋಟ ನೀರುಮಜ್ಜಿಗೆಯೋ, ಪಾನಕವೋ, ಹೂಜಿಯ ನೀರೋ ಆಗಬಹುದು. ಸಕ್ಕರೆ ಕಾಯಿಲೆಯವರಿಗೆ ಪಾನಕ ಸಲ್ಲದು. ರಕ್ತದೊತ್ತಡವುಳ್ಳವರ ಮಜ್ಜಿಗೆಗೆ ಉಪ್ಪು ಬೇಡ. ಹೃದಯ, ಮೂತ್ರಪಿಂಡಗಳ ರೋಗವುಳ್ಳವರಿಗೆ ನೀರಿನ ಅಳತೆಯನ್ನು ವೈದ್ಯರೇ ಹೇಳಬೇಕು. ರಾತ್ರಿ ಎದ್ದು ಹೋಗಬೇಕಾದೀತೆಂಬ ಸಂಕೋಚದಿಂದ ನೀರನ್ನು ಕಡಿಮೆ ಮಾಡುವ ಹಿರಿಯರು ಅನೇಕರು. ಬಾಯಿಬಿಟ್ಟು ಹೇಳಲಾರರು. ಬಚ್ಚಲಿನ ದಾರಿಯಲ್ಲಿ ಒಂದು ದೀಪವನ್ನಿಟ್ಟರೆ ಅವರು ತಾವಾಗಿಯೇ ಲೋಟವನ್ನೆತ್ತಿಕೊಳ್ಳುವರು. ವ್ರತದ ಮಾತೆತ್ತುವವರಿಗೆ, ನೀರು, ಹಾಲು, ಹಣ್ಣು, ಔಷಧಗಳಿಂದ ವ್ರತಭಂಗವಾಗದೆಂದು ಶಾಸ್ತ್ರವೇ ಹೇಳಿರುವುದನ್ನು ತಿಳಿಸಬಹುದು. ನಮ್ಮ ತಾಯಿಯವರು ಒಪ್ಪಿದ್ದು ವೈದ್ಯರ ಮಾತಿಗಲ್ಲ, ಈ ಮಾತಿಗೆ.

ಮನೆಯೊಳಗಿದ್ದವರಿಗೆ ಭಯವೇನೆಂದು ಕೆಲವರು ಕೇಳಬಹುದು. ತಂಪು ದೇಶವೆನಿಸಿದ ಫ್ರಾನ್ಸಿನಲ್ಲಿ 2003ರ ಆಗಸ್ಟಿನ ಬಿಸಿಗಾಳಿಗೆ ಸುಮಾರು 15,000 ಮಂದಿ ಬಲಿಯಾದರು. ಅವರಲ್ಲಿ ಬಹುಪಾಲು ವೃದ್ಧರು; ಅನೇಕರು ತಮ್ಮ ಮನೆಗಳಲ್ಲಿ ಒಂಟಿಯಾಗಿದ್ದವರು. ನಮ್ಮ ಊರುಗಳ ಕಾಂಕ್ರೀಟು ತಾರಸಿಯೂ ಹಗಲು ಕುಡಿದ ಶಾಖವನ್ನು ರಾತ್ರಿಯೆಲ್ಲ ಕೆಳಕ್ಕೆ ಸೂಸುತ್ತಿರುವುದು. ಆದುದರಿಂದ ಹಿರಿಯರ ಮಂಚವು ಮಹಡಿಯಲ್ಲಿದ್ದರೆ ಈ ಎರಡು ತಿಂಗಳು ಕೆಳಗಿಳಿಯಲಿ. ಕಿಟಕಿಗಳನ್ನು ಹಗಲು ಮುಚ್ಚಿ, ಸಂಜೆ ತಂಪಾದ ಮೇಲೆ ತೆರೆಯಬೇಕು. ಗಾಳಿಯೇ 40 ಡಿಗ್ರಿಗೆ ಕಾದಿರುವಾಗ ಫ್ಯಾನು ಬಿಸಿಯನ್ನೇ ಮೈಗೆ ಬಡಿಯುವುದು. ಆಗ ಒದ್ದೆ ಬಟ್ಟೆಯಿಂದ ಕೈಕಾಲು, ಕತ್ತುಗಳನ್ನು ಒರೆಸುತ್ತಿರುವುದೇ ಲೇಸು. ಮಧ್ಯಾಹ್ನದ ನಿದ್ರೆಗೆ ಯಾರೂ ಆಕ್ಷೇಪಿಸದಿರಲಿ. ಹಗಲುನಿದ್ರೆಯನ್ನು ಸಾಮಾನ್ಯವಾಗಿ ಒಪ್ಪದ ವಾಗ್ಭಟಾಚಾರ್ಯನೂ ಗ್ರೀಷ್ಮದಲ್ಲಿ ಅದಕ್ಕೆ ಅನುಮತಿಯಿತ್ತಿದ್ದಾನೆ.

ಮಾತು ತಡವರಿಸಿದರೆ, ಹೆಸರುಗಳು ತಪ್ಪಿದರೆ, ಮೈ ಕೆಂಡದಂತಿದ್ದರೆ, ನನ್ನಂತೆ ನಕ್ಕು ಕೂಡಬೇಡಿರಿ. ಕೂಡಲೇ 108ಕ್ಕೆ ಕರೆಮಾಡಿ. ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಬೀಸುತ್ತಿರಬೇಕು. ಕಂಕುಳು, ಕತ್ತು, ತೊಡೆಯ ಸಂದುಗಳಲ್ಲಿ ತಣ್ಣೀರಿನ ಬಟ್ಟೆಯನ್ನಿಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಒಂದು ಹನಿಯನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದೀತು.