ಶಾಂತಿಗಾಗಿ ಬಲಪ್ರಯೋಗ: 1915ರ ಒಂದು ಪ್ರಸ್ತಾವ

ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, 1915ರ ಜೂನ್ 17ರಂದು, ಫಿಲಡೆಲ್ಫಿಯಾದಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ವಿಲಿಯಂ ಟಾಫ್ಟ್ ಅವರ ನೇತೃತ್ವದಲ್ಲಿ ‘ಲೀಗ್ ಟು ಎನ್‌ಫೋರ್ಸ್ ಪೀಸ್’ ಸ್ಥಾಪಿತವಾಯಿತು. ಯುದ್ಧಾನಂತರ ರಾಷ್ಟ್ರಗಳ ಒಕ್ಕೂಟವೊಂದು ರಚಿತವಾಗಬೇಕೆಂಬುದು ಅದರ ಆಗ್ರಹ. ಸದಸ್ಯರಾಷ್ಟ್ರವೊಂದು ತನ್ನ ವ್ಯಾಜ್ಯವನ್ನು ನ್ಯಾಯಮಂಡಲಿಯ ಇಲ್ಲವೆ ಸಂಧಾನಸಮಿತಿಯ ಮುಂದಿಡದೆ ಯುದ್ಧಕ್ಕಿಳಿದರೆ, ಉಳಿದವು ಆರ್ಥಿಕ ಹಾಗೂ ಸೈನಿಕ ಬಲಗಳಿಂದ ಅದನ್ನು ತಡೆಯತಕ್ಕದ್ದು. ಆದರೆ ತೀರ್ಪಿಗೆ ತಲೆಬಾಗಲೇಬೇಕೆಂಬ ನಿರ್ಬಂಧವಿರಲಿಲ್ಲ. ಬಲಾತ್ಕಾರವೆಲ್ಲ ವಿಚಾರಣೆಗೆ ಒಪ್ಪಿಸುವಷ್ಟಕ್ಕೇ. ಪ್ರಸ್ತಾವದ ಜಾಣ್ಮೆಯೂ ದೌರ್ಬಲ್ಯವೂ ಇಲ್ಲಿಯೇ ಇವೆ.

1916ರ ಮೇ 27ರಂದು ವಾಷಿಂಗ್ಟನ್ನಿನಲ್ಲಿ ನಡೆದ ಇದರ ಸಭೆಯಲ್ಲಿ ಅಧ್ಯಕ್ಷ ವಿಲ್ಸನ್ನರಷ್ಟೇ ಅಲ್ಲ, ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ಕೂಡ ಅಂಥ ಒಕ್ಕೂಟದ ಪರವಾಗಿ ಮಾತನಾಡಿದರು. ಸೋಜಿಗವೆಂದರೆ, 1919ರಲ್ಲಿ ರಾಷ್ಟ್ರಸಂಘದ ಒಡಂಬಡಿಕೆ ಸೆನೆಟ್ಟಿಗೆ ಬಂದಾಗ, ಸದಸ್ಯರ ಗಡಿರಕ್ಷಣೆಯ ಹೊಣೆಯನ್ನು ವಿಧಿಸುವ ಅದರ 10ನೆಯ ವಿಧಿಯನ್ನು ವಿರೋಧಿಸಿದವರ ಮುಂದಾಳು ಇದೇ ಲಾಡ್ಜ್. 1920ರ ಮಾರ್ಚಿಯಲ್ಲಿ ಸೆನೆಟ್ಟು ಒಪ್ಪಂದವನ್ನು ಮತ್ತೆ ತಿರಸ್ಕರಿಸಿತು. ಅಮೆರಿಕ ರಾಷ್ಟ್ರಸಂಘವನ್ನು ಸೇರಲೇ ಇಲ್ಲ.