ಮನೋರೋಗದ ಶುಶ್ರೂಷೆಯಲ್ಲಿ ವಿಶ್ವಾಸವೇ ಮೊದಲ ಮದ್ದು

ಜ್ವರ ಬಂದವರ ಮೈ ಮುಟ್ಟಿದರೆ ತಾಪ ತಿಳಿಯುತ್ತದೆ. ಮನಸ್ಸು ನೊಂದವರ ತಾಪವಾದರೋ ಅವರು ಬಾಯಿಬಿಟ್ಟು ಹೇಳಿದಾಗಲೇ ನಮಗೆ ತಿಳಿಯುವುದು. ಹೇಳಬೇಕಾದರೆ ಕೇಳುವವರಲ್ಲಿ ನಂಬಿಕೆಯಿರಬೇಕು. ವೈದ್ಯರು ರೋಗಿಯನ್ನು ಕಾಣುವುದು ದಿನದಲ್ಲಿ ಸ್ವಲ್ಪ ಹೊತ್ತು. ಹಗಲಿರುಳು ಸಮೀಪದಲ್ಲಿರುವವರು ಶುಶ್ರೂಷಕರು. ಅವರ ಮತ್ತು ರೋಗಿಯ ನಡುವಣ ಬಾಂಧವ್ಯವು ಚಿಕಿತ್ಸೆಯ ಅಂಗವೆಂಬುದನ್ನು ಅಮೆರಿಕದ ಶುಶ್ರೂಷಕಿ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಷ್ಟು ಹಿಂದೆಯೇ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದರು.

ನಮ್ಮ ಕೊಡಗಿನಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮನೆ, ತೋಟ, ಬಂಧುಗಳನ್ನು ಕಳೆದುಕೊಂಡವರಲ್ಲಿ ಮಳೆಯ ಸದ್ದಿಗೇ ನಡುಗುವವರನ್ನು ನಾವು ಕಂಡಿದ್ದೇವೆ. ತೋಟದ ಲೈನ್‌ಮನೆಯ ಕಾರ್ಮಿಕರು ಮಡಿಕೇರಿಯ ಆಸ್ಪತ್ರೆಗೆ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಹಾಗೆ ಬಂದವರು ಮೊದಲ ದಿನವೇ ಗದರಿಕೆ ಕೇಳಿದರೆ ಮತ್ತೆ ಬಾರದಿರಬಹುದು. ಔಷಧ ನಿಂತರೆ ರೋಗ ಮರುಕಳಿಸಬಹುದು. ಕೊಡವ, ಅರೆಭಾಷೆ, ತುಳು, ಮಲಯಾಳ, ಯರವ ನುಡಿಗಳಿರುವ ಈ ನಾಡಿನಲ್ಲಿ ರೋಗಿಯ ಮನೆಮಾತಿನಲ್ಲಿ ಕೇಳಿದ ಒಂದು ಕುಶಲಪ್ರಶ್ನೆಯೂ ಅವರ ಭಯವನ್ನು ಇಳಿಸಬಲ್ಲದು.

ಬಾಂಧವ್ಯ ಬೆಳೆಯುವ ಬಗೆ

ಶುಶ್ರೂಷಕರು ಮೊದಲು ತಮ್ಮ ಹೆಸರನ್ನು ಹೇಳಿ, ರೋಗಿಯನ್ನು ಹೆಸರಿನಿಂದ ಗೌರವದೊಡನೆ ಮಾತನಾಡಿಸಬೇಕು. "ಹತ್ತು ನಿಮಿಷದಲ್ಲಿ ಬರುತ್ತೇನೆ" ಎಂದರೆ ಬರಲೇಬೇಕು. ಇಂತಹ ಸಣ್ಣ ಮಾತುಗಳು ಉಳಿದಂತೆಲ್ಲ ನಂಬಿಕೆ ಬೇರೂರುತ್ತದೆ.

ಯಾರಿಗೂ ಕೇಳದ ದನಿ ತಮಗೆ ಕೇಳಿಸುತ್ತದೆಂದು ರೋಗಿ ಹೇಳಿದಾಗ ವಾದಿಸಬಾರದು, ಹೌದೆಂದು ನಟಿಸಲೂಬಾರದು. "ನನಗೆ ಆ ದನಿ ಕೇಳಿಸುತ್ತಿಲ್ಲ, ಆದರೆ ನಿಮಗೆ ಭಯವಾಗಿರುವುದು ತಿಳಿಯುತ್ತಿದೆ" ಎಂದರೆ ಸತ್ಯವೂ ಉಳಿಯುತ್ತದೆ, ಸಾಂತ್ವನವೂ ದೊರೆಯುತ್ತದೆ.

ಗೋಪ್ಯತೆ ರೋಗಿಯ ಹಕ್ಕು. ಆದರೆ ಪ್ರಾಣಾಪಾಯದ ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕಾಗುತ್ತದೆ. "ಯಾರಿಗೂ ಹೇಳುವುದಿಲ್ಲ" ಎಂದು ಭಾಷೆ ಕೊಟ್ಟು ಮುರಿಯುವುದಕ್ಕಿಂತ ಈ ಮಿತಿಯನ್ನು ಮೊದಲೇ ತಿಳಿಸುವುದು ಲೇಸು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೃದುವಾಗಿ, ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೊಳಗೇ ನರಳುತ್ತಿದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಆತ್ಮೀಯತೆಗೂ ಎಲ್ಲೆಯುಂಟು. ಕಾಣಿಕೆ, ಸಾಲ, ಖಾಸಗಿ ಸಲುಗೆ ಸಲ್ಲವು. ರೋಗಿ ಮನೆಗೆ ಮರಳುವ ದಿನವನ್ನು ಮುಂಚೆಯೇ ತಿಳಿಸಿ, ಮಾತ್ರೆಯ ಕ್ರಮ ಮತ್ತು ಮುಂದಿನ ಭೇಟಿಯನ್ನು ಮನೆಯವರಿಗೂ ವಿವರಿಸಿದರೆ ಅಗಲಿಕೆಯು ಕೈಬಿಟ್ಟಂತೆ ತೋರುವುದಿಲ್ಲ.

ಮನೆಯವರ ಹೊಣೆ

ಆಸ್ಪತ್ರೆಯಲ್ಲಿ ಮೂಡಿದ ವಿಶ್ವಾಸವನ್ನು ಮನೆಯಲ್ಲಿ ಕಾಯುವವರು ನಾವು. ರೋಗಿಯ ಎದುರಿಗೇ ಅವರಿಲ್ಲವೆಂಬಂತೆ ಮಾತನಾಡುವುದನ್ನೂ 'ಹುಚ್ಚ' ಎಂಬ ಮಾತನ್ನೂ ಬಿಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಗಳನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಘನತೆಯಿಂದ ಬಾಳುವ ಹಕ್ಕನ್ನು ಅವರಿಗೆ ನೀಡಿದೆ. ಸಂಕಟದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು; ಕನ್ನಡದಲ್ಲಿಯೇ ಮಾತನಾಡಬಹುದು.

ದಣಿದ ಶುಶ್ರೂಷಕರಿಗೂ ನಮ್ಮ ಒಂದು ಒಳ್ಳೆಯ ಮಾತು ಬೇಕು. ಅವರನ್ನು ಗೌರವಿಸಿದರೆ ಅದರ ಫಲ ನಮ್ಮ ರೋಗಿಗಳಿಗೇ ಸಲ್ಲುತ್ತದೆ.